ಮಿತ್ರಕೀಟಗಳಿಗಾಗಿ ಹೂವಿನ ಸಾಲು ಬೆಳೆಸಿದ್ದೀರಾ? ಔಷಧಿ ಹೊಡೆಯೋ ಮುಂಚೆ ಇದನ್ನೊಮ್ಮೆ ಓದಿ

ಎಲೆಕೋಸಿನ ಸಾಲುಗಳ ಮಧ್ಯೆ ಕೊತ್ತಂಬರಿ, ಸಬ್ಬಸಿಗೆ ಬಿತ್ತಿ, ಬೆಳೆ ಕೆಡಿಸುವ ಹುಳಗಳನ್ನು ತಿನ್ನುವ ಮಿತ್ರಕೀಟಗಳು ಬರಲಿ ಅಂತ ಕೀಳದೆ ಹೂ ಬರಲು ಬಿಟ್ಟಿದ್ದೆ. ಇವುಗಳ ಹೂವಲ್ಲಿ ಮಕರಂದ ಮೇಲೇ ಇರೋದರಿಂದ ಚಿಕ್ಕ ಬಾಯಿಯ ಕೀಟಕ್ಕೂ ಸಿಗುತ್ತೆ. (ಮೊದಲು ದಟ್ಟ ದಳದ ಚೆಂಡುಹೂ ಹಾಕಿ ಕಾದಿದ್ದೆ, ಹೆಚ್ಚೇನೂ ಬರಲಿಲ್ಲ.) ಈ ಸಲ ಬಂದವು: ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಸಿರ್ಫಿಡ್ ನೊಣ, ಗುಲಗಂಜಿ ಹುಳು, ಸೊಳ್ಳೆಗಿಂತ ಸಣ್ಣ ಕಣಜ. ನನಗೋ ಜಂಬ.

ಆಮೇಲೆ ಕೋಸಿನ ಎಲೆಯಡಿ ಗಿಡದ ರಸ ಹೀರುವ ಬೂದುಬಣ್ಣದ ಸಸ್ಯಹೇನು ಕಂಡಿತು. ಅದರ ನಡುವೆ ಇನ್ನೊಂದು ಹುಳ. ಕಪ್ಪು ಮೈ, ಆರು ಕಾಲು, ಬೆನ್ನ ಮೇಲೆ ಕಿತ್ತಳೆ ಚುಕ್ಕೆ, ಥೇಟ್ ಮೊಸಳೆ ಮರಿ. ಇದೂ ಎಲೆ ತಿನ್ನೋಕೆ ಬಂದಿದೆ ಅನ್ಕೊಂಡೆ. ಎರಡು ನಿಮಿಷ ಕೂತಿದ್ದರೆ ಅದು ಹೇನನ್ನೇ ಹಿಡಿದು ತಿನ್ನೋದು ಕಾಣುತ್ತಿತ್ತು. ಗುಲಗಂಜಿಯ ಮರಿ ಅದು!

ಪೈರೆಥ್ರಮ್ ಅನ್ನೋ ಕೀಟನಾಶಕ ತಂದೆ. ಸೇವಂತಿಗೆ ಜಾತಿಯ ಹೂವಿನಿಂದ ತೆಗೆದದ್ದು, ಸಾವಯವದಲ್ಲಿ ಬಳಸೋದು, ಇನ್ನೇನು ಭಯ? ಬೆಳಗ್ಗೆ ಒಂಬತ್ತಕ್ಕೆ ಹೂವಿನ ಸಾಲಿಗೂ ಸೇರಿಸಿ ಹೊಡೆದೆ. ಮಧ್ಯಾಹ್ನ ಸಬ್ಬಸಿಗೆ ಬುಡದಲ್ಲಿ ಸಿರ್ಫಿಡ್ ನೊಣಗಳು ಬೆನ್ನಡಿಯಾಗಿ ಬಿದ್ದು ಕಾಲು ಆಡಿಸುತ್ತಿದ್ದವು.

ಪೈರೆಥ್ರಮ್ ಕೀಟದ ನರಕ್ಕೆ ಹೊಡೆಯುವ ವಿಷ, ಮಿತ್ರ ಯಾರು ಶತ್ರು ಯಾರು ಅಂತ ನೋಡಲ್ಲ. ಬಿಸಿಲಿಗೆ ಬೇಗ ಶಕ್ತಿ ಕಳ್ಕೊಳ್ಳುತ್ತೆ ಬೇರೆ. ಮುದುಡಿದ ಎಲೆಯೊಳಗೆ ಅಡಗಿದ್ದ ಹೇನು ಬದುಕಿತು. ಹೆಣ್ಣು ಹೇನು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತೆ, ಆ ಮರಿ ಬೆಚ್ಚನೆ ಹವೆಯಲ್ಲಿ 7-10 ದಿನದಲ್ಲಿ ತಾನೇ ತಾಯಿ. ಗುಲಗಂಜಿ ಮೊಟ್ಟೆಯಿಂದ ಬೆಳೆದು ರೆಕ್ಕೆ ಪಡೆಯಲು 3-4 ವಾರ ಬೇಕು. ಲೆಕ್ಕ ನೀವೇ ಹಾಕಿ. ನನ್ನ ಅರ್ಧ ಕೋಸು ಗೊಬ್ಬರದ ಗುಂಡಿಗೆ ಹೋಯಿತು.

ದಯವಿಟ್ಟು ಮೊದಲು ಮರಿಗಳ ಗುರುತು ಕಲಿಯಿರಿ, ದೊಡ್ಡ ಹುಳದ ಚಿತ್ರ ನೋಡಿದರೆ ಸಾಲದು. ಸಿರ್ಫಿಡ್ ಮರಿಗೆ ಕಾಲೇ ಇಲ್ಲ, ಪುಟ್ಟ ಬಸವನಹುಳದ ಹಾಗೆ ಹೇನಿನ ನಡುವೆ ತೆವಳುತ್ತೆ. ಉಬ್ಬಿ ಕಂದುಬಣ್ಣಕ್ಕೆ ತಿರುಗಿ ಎಲೆಗಂಟಿದ ಹೇನು ಕಂಡರೆ ಉಜ್ಜಬೇಡಿ, ಒಳಗೆ ಕಣಜದ ಮರಿ ಇರುತ್ತೆ. ಹೇನು ಸ್ವಲ್ಪ ಇದ್ದರೆ ನೀರು ರಭಸವಾಗಿ ಬಿಟ್ಟು ಉದುರಿಸಿ. ಹೊಡೆಯಲೇಬೇಕಾದರೆ ಸಂಜೆ, ಹೇನು ಹತ್ತಿದ ಗಿಡಕ್ಕಷ್ಟೇ. ಹೂವಿಗೆ ಬೇಡ.

ಮತ್ತೆ ಸಬ್ಬಸಿಗೆ ಬಿತ್ತಿದ್ದೇನೆ, ಹೂವೂ ಬಂದಿದೆ. ಗುಲಗಂಜಿ ಮಾತ್ರ ಇವತ್ತಿನವರೆಗೆ ಎರಡೇ ಕಂಡಿದ್ದು.