ಕೆಮ್ಮಣ್ಣು ತಪ್ಪಿಸುವ ಮ್ಯಾಪು: ಮಲೆನಾಡಿನ ಬೈಕಿಗೆ ಓಸ್ಮ್ಯಾಂಡ್, ನಾಲ್ಕು ಮಳೆಗಾಲದ ಬಳಕೆ

ದಾರಿ ತೋರಿಸುವ ಓಸ್ಮ್ಯಾಂಡ್ ಆ್ಯಪಿನಲ್ಲಿ ‘ಮಣ್ಣು ರಸ್ತೆ ಬೇಡ’ ಎನ್ನಲು ಒಂದು ಗುಂಡಿ ಇದೆ. ರಸ್ತೆಯ ಗುಂಡಿಯಲ್ಲ, ಒತ್ತುವ ಗುಂಡಿ. ಅದೊಂದನ್ನೇ ನಂಬಿ ಹೊರಟರೆ ಹೊಸನಗರ, ತೀರ್ಥಹಳ್ಳಿ ಕಡೆಯ ಒಳದಾರಿಗಳಲ್ಲಿ ಆ ಎರಡಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಹಾಗಿದ್ದೂ ನಾಲ್ಕು ಮಳೆಗಾಲದಿಂದ ಈ ಆ್ಯಪು ನನ್ನ ಫೋನಿನಿಂದ ಹೋಗಿಲ್ಲ.

ನನ್ನದು 125 ಸಿ.ಸಿ. ಬೈಕು, ರೋಡ್ ಟಯರು, ಹಿಂದಿನ ಗಾಲಿಯಲ್ಲಿ ಇನ್ನೂ ಟ್ಯೂಬು. ಕೆಸರಿನಲ್ಲಿ ಬೈಕು ಹಾರಿಸಿ ವಿಡಿಯೊ ಮಾಡುವವರಿಗೆ ಈ ವಿಮರ್ಶೆಯಿಂದ ಉಪಯೋಗವಿಲ್ಲ. ಒದ್ದೆ ಜಂಬಿಟ್ಟಿಗೆ ಮಣ್ಣು ರೋಡ್ ಟಯರಿನ ಗೀರುಗಳನ್ನು ನೂರಿನ್ನೂರು ಮೀಟರಿನಲ್ಲೇ ತುಂಬಿಬಿಡುತ್ತದೆ. ಆಮೇಲೆ ನೆಲಕ್ಕೆ ತಾಗುವುದು ರಬ್ಬರಲ್ಲ, ಮಣ್ಣಿನ ಪಟ್ಟಿ. ಡಾಂಬರು ಹಾಕುವ ಮೊದಲು ಹರಡಿಟ್ಟ ಬಿಡಿ ಜಲ್ಲಿಯ ಕಾಟ ಬೇರೆ: ಇಳುಕಲಿನಲ್ಲಿ ಮುಂದಿನ ಬ್ರೇಕು ಮುಟ್ಟಿದರೆ ಗಾಲಿ ನಿಲ್ಲುತ್ತದೆ, ಕೆಳಗಿನ ಜಲ್ಲಿ ಉರುಳುತ್ತದೆ. ಡಾಂಬರಿಗಾಗಿ ಹತ್ತು ಕಿಲೋಮೀಟರ್ ಸುತ್ತಿದರೂ ಪೆಟ್ರೋಲು ಕಾಲು ಲೀಟರು ದಾಟುವುದಿಲ್ಲ. ಪಂಕ್ಚರಿನ ಲೆಕ್ಕ ಅದಕ್ಕಿಂತ ದೊಡ್ಡದು, ಅಂಗಡಿ ಹತ್ತಿರವಿದ್ದರೂ.

ಫೋನಿನ ಜೊತೆಗೇ ಬರುವ ಮ್ಯಾಪಿಗೆ ಟೋಲ್ ಬೇಡ, ಹೈವೇ ಬೇಡ, ಫೆರ್ರಿ ಬೇಡ ಎನ್ನಬಹುದು. ಮಣ್ಣು ಬೇಡ ಎನ್ನಲು ಜಾಗವೇ ಇಲ್ಲ. ಬೈಕ್ ಮೋಡ್ ಹಾಕಿದರೆ ಇನ್ನೂ ಅಧ್ವಾನ. ಬೈಕು ತೂರುವಷ್ಟು ಸಂದು ಕಂಡರೆ ಅದಕ್ಕೆ ಅದೂ ದಾರಿಯೇ. ಎರಡು ಕಿಲೋಮೀಟರ್ ಉಳಿಸಲು ಯಾರದೋ ಅಡಿಕೆ ತೋಟದ ದಣಪೆಯ, ಅಂದರೆ ಗೇಟಿನ, ಮುಂದೆ ತಂದು ನಿಲ್ಲಿಸುತ್ತದೆ. ಆಚೆ ಬದಿಯಲ್ಲಿ ನಾಯಿ, ನಾಯಿಯ ಹಿಂದೆ ಮನೆಯವರು. ಓಸ್ಮ್ಯಾಂಡ್ ಹುಡುಕಿಕೊಂಡಿದ್ದು ಇದು ಸಾಕಾಗಿ.

ಇನ್ನು ಆ ಗುಂಡಿಯ ವಿಷಯ. ಓಸ್ಮ್ಯಾಂಡ್ ರಸ್ತೆಗಳನ್ನು ಓದುವುದು ಓಪನ್‌ಸ್ಟ್ರೀಟ್‌ಮ್ಯಾಪಿನಿಂದ. ಅದು 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಅದರಲ್ಲಿ ರಸ್ತೆಗಳಿಗೆ ಚೀಟಿ ಅಂಟಿಸಿದ ಹಾಗೆ ಟ್ಯಾಗುಗಳಿರುತ್ತವೆ. ‘ಹೈವೇ’ ಟ್ಯಾಗು ರಸ್ತೆಯ ದರ್ಜೆ ಹೇಳುತ್ತದೆ. ‘ಸರ್ಫೇಸ್’ ಟ್ಯಾಗು ಮೇಲ್ಮೈ ಹೇಳುತ್ತದೆ: ಆಸ್ಫಾಲ್ಟ್ ಎಂದರೆ ಡಾಂಬರು, ಆಮೇಲೆ ಕಾಂಕ್ರೀಟ್, ಗ್ರಾವೆಲ್ ಎಂದರೆ ಜಲ್ಲಿ, ಡರ್ಟ್ ಎಂದರೆ ಮಣ್ಣು, ಅನ್‌ಪೇವ್ಡ್ ಎಂದರೆ ಡಾಂಬರು, ಕಾಂಕ್ರೀಟು ಯಾವುದೂ ಹಾಕದ್ದು. ತೋಟ, ಕಾಡಿನ ಗಾಡಿದಾರಿಗೆ ‘ಟ್ರ್ಯಾಕ್’ ಎಂಬ ದರ್ಜೆ. ಅದರೊಳಗೆ ಗ್ರೇಡ್ 1 ಗಟ್ಟಿ ನೆಲ, ಗ್ರೇಡ್ 5 ಹುಲ್ಲು ಮಣ್ಣಿನ ಮೆತ್ತನೆ ನೆಲ. ‘ಅನ್‌ಕ್ಲಾಸಿಫೈಡ್’ ಕಂಡರೆ ಹೆದರಬೇಡಿ, ಗೊತ್ತಿಲ್ಲ ಎಂದಲ್ಲ ಅದರ ಅರ್ಥ. ಇಂಗ್ಲೆಂಡಿನ ರಸ್ತೆ ಪದ್ಧತಿಯಿಂದ ಬಂದ ಹೆಸರು. ಊರಿಂದ ಊರಿಗೆ ಹೋಗುವ ಚಿಕ್ಕ ರಸ್ತೆ ಎಂದಷ್ಟೇ.

ಗುಂಡಿ ನೋಡುವುದು ಈ ಚೀಟಿಯನ್ನು ಮಾತ್ರ. ಮಣ್ಣು ಎಂದು ಬರೆದಿದ್ದರೆ ಆ ದಾರಿ ಬಿಡುತ್ತದೆ. ಏನೂ ಬರೆದಿಲ್ಲವಾದರೆ ಬಿಡಲು ಅದಕ್ಕೆ ಕಾರಣವೇ ಇಲ್ಲ. ನಮ್ಮ ಕಡೆಯ ಒಳದಾರಿಗಳಲ್ಲಿ ಏನೂ ಬರೆಯದವು ಬೇಕಾದಷ್ಟಿವೆ.

ಹೊಂದಿಸಿಕೊಳ್ಳುವ ಕೆಲಸ ಐದು ನಿಮಿಷದ್ದು. ಕರ್ನಾಟಕದ ನಕ್ಷೆ ಒಂದೇ ಕಡತವಾಗಿ ಸಿಗುತ್ತದೆ, ಮನೆಯ ವೈಫೈನಲ್ಲಿ ಇಳಿಸಿಕೊಳ್ಳಿ. ಪ್ರೊಫೈಲು ಮೋಟಾರ್‌ಸೈಕಲ್ ಇರಲಿ. ನ್ಯಾವಿಗೇಶನ್ ಸೆಟ್ಟಿಂಗಿನ ರೂಟ್ ಪ್ಯಾರಾಮೀಟರ್ಸ್‌ನಲ್ಲಿ ‘ಅವಾಯ್ಡ್ ರೋಡ್ಸ್’ ತೆರೆದು ಅನ್‌ಪೇವ್ಡ್‌ಗೆ ಟಿಕ್ ಹಾಕಿ. ಫೆರ್ರಿಯ ಟಿಕ್ಕೂ ಅಲ್ಲೇ ಇದೆ, ಅದರ ಮಾತು ಮುಂದೆ ಬರುತ್ತದೆ. ಕಾನ್ಫಿಗರ್ ಮ್ಯಾಪಿನಲ್ಲಿ ‘ರೋಡ್ ಸರ್ಫೇಸ್’ ಹಾಕಿಕೊಂಡರೆ ಮೇಲ್ಮೈಗೆ ತಕ್ಕ ಬಣ್ಣ ರಸ್ತೆಗೆ ಬರುತ್ತದೆ.

ದಿನಬಳಕೆಯಲ್ಲಿ ಬೆಲೆ ಬಾಳುವುದು ಇನ್ನೊಂದು ಪರದೆ. ದಾರಿ ಹಾಕಿಸಿದ ಮೇಲೆ ‘ಡೀಟೇಲ್ಸ್’ ಒತ್ತಿ ಕೆಳಗೆ ಸರಿಸಿದರೆ ‘ಸರ್ಫೇಸ್’ ಎಂಬ ಉದ್ದನೆಯ ಬಣ್ಣದ ಪಟ್ಟಿ ಸಿಗುತ್ತದೆ. ಒಟ್ಟು ದಾರಿಯಲ್ಲಿ ಆಸ್ಫಾಲ್ಟ್ ಎಷ್ಟು, ಕಾಂಕ್ರೀಟ್ ಎಷ್ಟು, ‘ಅನ್‌ಡಿಫೈನ್ಡ್’ ಅಂದರೆ ಮೇಲ್ಮೈ ಬರೆಯದ್ದು ಎಷ್ಟು ಎಂದು ಬಿಡಿಬಿಡಿಯಾಗಿ ತೋರಿಸುತ್ತದೆ. ಹಿಂದಿನ ರಾತ್ರಿ ಊಟವಾದ ಮೇಲೆ ಈ ಪಟ್ಟಿ ನೋಡುವುದು ಈಗ ಅಭ್ಯಾಸ. ಟಿಕ್ ಹಾಕಿದ ಮೇಲೂ ಅಪಾಯ ಉಳಿದಿರುವುದು ಅನ್‌ಡಿಫೈನ್ಡ್ ತುಂಡುಗಳಲ್ಲಿ. ಒಂದು ಕಿಲೋಮೀಟರಿಗಿಂತ ಚಿಕ್ಕದಿದ್ದರೆ ಬಿಡುತ್ತೇನೆ, ಹೆಚ್ಚಿದ್ದರೆ ಉಪಗ್ರಹ ಚಿತ್ರ ತೆರೆಯುತ್ತೇನೆ.

ಉಪಗ್ರಹ ಚಿತ್ರ ಓದುವುದಕ್ಕೂ ಒಂದು ರೀತಿ ಇದೆ. ಕಂಪ್ಯೂಟರಿನ ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳಿಗೆ ಹಿಂದೆ ಹೋಗಬಹುದು. ಜನವರಿಯಿಂದ ಏಪ್ರಿಲ್ ನಡುವಿನದು ಹುಡುಕಿ, ಮಳೆಗಾಲದ್ದರಲ್ಲಿ ಮೋಡ ಬಿಟ್ಟು ಏನೂ ಕಾಣದು. ಬಣ್ಣವೊಂದನ್ನೇ ನಂಬಬೇಡಿ. ಕೆಮ್ಮಣ್ಣಿನ ಧೂಳು ಕೂತ ಡಾಂಬರು ಮೇಲಿನಿಂದ ಮಣ್ಣು ರಸ್ತೆಯ ಹಾಗೇ ಕಾಣುತ್ತದೆ. ನೋಡಬೇಕಾದ್ದು ತಿರುವು. ಡಾಂಬರು ರಸ್ತೆ ತಿರುವಿನಲ್ಲೂ ಹೆಚ್ಚುಕಡಿಮೆ ಅದೇ ಅಗಲ ಇಟ್ಟುಕೊಳ್ಳುತ್ತದೆ. ಮಣ್ಣು ರಸ್ತೆ ತಿರುವಿನಲ್ಲಿ ಹರಡಿಕೊಳ್ಳುತ್ತದೆ, ಒಬ್ಬೊಬ್ಬರು ಒಂದೊಂದು ಕಡೆ ಕೆಸರು ತಪ್ಪಿಸಿ ಓಡಿಸಿರುತ್ತಾರಲ್ಲ. ನಡುವೆ ಹಸಿರು ಗೆರೆ, ಎರಡು ಬದಿ ಕೆಂಪು ಗೆರೆ ಕಂಡರೆ ಅದು ಜೀಪಿನ ದಾರಿ, ಪ್ರಶ್ನೆಯೇ ಇಲ್ಲ. ಅಕೇಶಿಯಾ ನೆಡುತೋಪಿನೊಳಗೆ ಗೀಟು ಹೊಡೆದ ಹಾಗೆ ನೇರವಾಗಿ ಹೋಗುವ ದಾರಿಗಳು ಮರ ಸಾಗಿಸಲು ಮಾಡಿದವು. ಕಟಾವು ಮುಗಿದ ಮೇಲೆ ಲಾರಿ ಇಲ್ಲ, ನಾಲ್ಕು ವರ್ಷಕ್ಕೆ ದಾರಿಯೂ ಇಲ್ಲ. ಕಾನಿನ ಮರಗಳು ಮುಚ್ಚಿಕೊಂಡ ಕಡೆ ಉಪಗ್ರಹಕ್ಕೂ ಏನೂ ಕಾಣದು. ಅಲ್ಲಿ ಬಸ್ ಸ್ಟಾಪಿನ ಗುರುತು ಇದೆಯೇ ನೋಡಿ. ಬಸ್ಸು ಹೋಗುವ ದಾರಿಯಾದರೆ ಕಿತ್ತುಹೋಗಿದ್ದರೂ ಡಾಂಬರು ಕಂಡಿರುತ್ತದೆ.

ಲಿಂಗನಮಕ್ಕಿ ಹಿನ್ನೀರಿನ ಅಂಚಿನಲ್ಲಿ ಇನ್ನೊಂದು ಮೋಸವಿದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಊರುಗಳ ಜೊತೆ ಅವುಗಳ ರಸ್ತೆಗಳೂ ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ತೆಗೆದ ಚಿತ್ರದಲ್ಲಿ ಹಳೆಯ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಯಾರಾದರೂ ಅದನ್ನೇ ನೋಡಿ ನಕ್ಷೆಯಲ್ಲಿ ಗೆರೆ ಎಳೆದಿದ್ದರೆ ದಾರಿ ಸೀದಾ ನೀರಿಗಿಳಿಯುತ್ತದೆ.

ಹಿನ್ನೀರಿನ ಕಡೆ ಹೋಗುವವರು ನಕ್ಷೆಯ ಕಡತವನ್ನು ಹೊಸದಾಗಿಟ್ಟುಕೊಳ್ಳಲೇಬೇಕು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿಲೋಮೀಟರಿನ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅದಕ್ಕಿಂತ ಹಳೆಯ ಕಡತದಲ್ಲಿ ಸಿಗಂದೂರಿಗೆ ದಾಟುವುದು ಲಾಂಚೊಂದೇ, ಫೆರ್ರಿ ಬೇಡ ಎಂದರೆ ಊರೆಲ್ಲ ಸುತ್ತಿಸುತ್ತದೆ. ಹಸಿರುಮಕ್ಕಿಯ ಲಾಂಚಿನದು ಬೇರೆಯೇ ಕಥೆ: ಬೇಸಿಗೆಯಲ್ಲಿ ನೀರು ತಗ್ಗಿದರೆ ನಿಂತುಬಿಡುತ್ತದೆ, ಮ್ಯಾಪಿಗೆ ಅದು ಗೊತ್ತಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಿನಲ್ಲಿ ಫೆರ್ರಿಯ ಟಿಕ್ ಹಾಕಿಯೇ ಇಡಿ.

ಒಂದು ದಾರಿ ಬಿಡಿಸಿ ತೋರಿಸುತ್ತೇನೆ. ಶಿವಮೊಗ್ಗದಿಂದ ಕೊಲ್ಲೂರಿಗೆ ಬರೀ ಎರಡು ತುದಿ ಕೊಟ್ಟು ಬಿಡಬಾರದು. ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರ, ಸಂಪೆಕಟ್ಟೆ, ನಿಟ್ಟೂರು ಎಂದು ನಡುವಿನ ಊರುಗಳನ್ನು ಪೋಣಿಸಿದರೆ ಆ್ಯಪು ಒಳದಾರಿಗೆ ನುಗ್ಗಲು ಸಂದಿಯೇ ಸಿಗುವುದಿಲ್ಲ. ಊರಿನ ಹೆಸರು ಟೈಪ್ ಮಾಡುವುದಕ್ಕಿಂತ ನಕ್ಷೆಯನ್ನು ಹಿಗ್ಗಿಸಿ ಮುಖ್ಯರಸ್ತೆಯ ಗೆರೆಯ ಮೇಲೇ ಬೆರಳು ಒತ್ತಿ ಹಿಡಿದು ಬಿಂದು ಇಡಿ. ಪಕ್ಕದ ಕೇರಿಯ ಮೇಲೆ ಬಿಂದು ಬಿದ್ದರೆ ಕೇರಿಯೊಳಗೆ ಹೊಕ್ಕು ತಿರುಗಿ ಬಾ ಎನ್ನುತ್ತದೆ. ನಿಟ್ಟೂರಿನ ಹತ್ತಿರ ಕೊಡಚಾದ್ರಿಗೆ ಹತ್ತುವ ಜೀಪಿನ ದಾರಿ ಕವಲೊಡೆಯುತ್ತದೆ. ಅದು ಬರೀ ಕಲ್ಲು, ರೋಡ್ ಟಯರಿನ ದಾರಿಯಲ್ಲ. ಇಂಥ ದಾರಿಯನ್ನು ‘ಅವಾಯ್ಡ್ ರೋಡ್ಸ್’ ಒಳಗಿನ ‘ಸೆಲೆಕ್ಟ್ ಆನ್ ಮ್ಯಾಪ್’ನಿಂದ ಮುಟ್ಟಿ ಶಾಶ್ವತವಾಗಿ ಕೈಬಿಡಿಸಬಹುದು.

ತಲುಪುವ ಜಾಗ ಹಳ್ಳಿಯಾದರೆ ಹೆಸರಿನ ಪಿನ್ನಿಗೆ ದಾರಿ ಹಾಕಬೇಡಿ. ಮಲೆನಾಡಿನ ಊರೆಂದರೆ ಗುಡ್ಡಕ್ಕೊಂದು ಮನೆ. ಪಿನ್ನು ಊರಿನ ಗಡಿಯ ನಟ್ಟನಡುವೆ, ಎಷ್ಟೋ ಸಲ ಕಾನಿನೊಳಗೆ ಬಿದ್ದಿರುತ್ತದೆ. ಆ್ಯಪು ಅದಕ್ಕೆ ಹತ್ತಿರದ ಗೆರೆ ಹುಡುಕಿ, ಯಾವುದೋ ಸೊಪ್ಪಿನಬೆಟ್ಟದ ದಾರಿ ತೋರಿಸುತ್ತದೆ. ಶಾಲೆ, ಸೊಸೈಟಿ, ಅಂಚೆ ಕಚೇರಿ ಇವುಗಳಲ್ಲಿ ಒಂದನ್ನು ಹಿಡಿಯಿರಿ. ಅವುಗಳ ತನಕ ರಸ್ತೆ ಹೇಗಾದರೂ ಬಂದಿರುತ್ತದೆ.

ಇಷ್ಟೆಲ್ಲ ಕೆಲಸ ನಾವೇ ಮಾಡುವುದಾದರೆ ಆ್ಯಪು ಯಾಕೆ ಎಂದು ಮೊದಲ ವರ್ಷ ನನಗೂ ಅನ್ನಿಸಿತ್ತು. ಮನಸ್ಸು ಬದಲಾಗಿದ್ದು ಸ್ಟ್ರೀಟ್‌ಕಂಪ್ಲೀಟ್ ಎಂಬ ಇನ್ನೊಂದು ಪುಟ್ಟ ಆ್ಯಪಿನಿಂದ. ಇದೂ ಉಚಿತ, ಆಂಡ್ರಾಯ್ಡ್‌ನಲ್ಲಿ ಸಿಗುತ್ತದೆ. ತೆರೆದರೆ ನೀವು ನಿಂತ ಜಾಗದ ಸುತ್ತ ಪಿನ್ನುಗಳು ಉದುರಿದ ಹಾಗೆ ಕಾಣುತ್ತವೆ. ಒಂದನ್ನು ಮುಟ್ಟಿದರೆ ಪ್ರಶ್ನೆ: ಈ ರಸ್ತೆಯ ಮೇಲ್ಮೈ ಯಾವುದು? ಕೆಳಗೆ ಡಾಂಬರು, ಕಾಂಕ್ರೀಟು, ಜಲ್ಲಿ, ಮಣ್ಣಿನ ಚಿತ್ರಗಳು. ಸರಿಯಾದದ್ದನ್ನು ಮುಟ್ಟಿದರೆ ಮುಗಿಯಿತು, ಟ್ಯಾಗು ಬರೆಯುವ ತಲೆನೋವಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನ ಖಾತೆಯೊಂದು ಬೇಕು. ನೆಟ್‌ವರ್ಕ್ ಇಲ್ಲದ ಕಡೆ ಕೊಟ್ಟ ಉತ್ತರವನ್ನು ಇಟ್ಟುಕೊಂಡು ಆಮೇಲೆ ಕಳುಹಿಸುತ್ತದೆ. ಆ ಜಾಗದ ಪ್ರಶ್ನೆಗಳನ್ನು ಮಾತ್ರ ಮೊದಲೇ ಇಳಿಸಿಕೊಂಡಿರಬೇಕು. ಟೀ ಆರುವಷ್ಟರಲ್ಲಿ ನಾಲ್ಕು ರಸ್ತೆಗೆ ಉತ್ತರ ಆಗುತ್ತದೆ. ಓಸ್ಮ್ಯಾಂಡ್‌ನ ನಕ್ಷೆ ತಿಂಗಳಿಗೊಮ್ಮೆ ಹೊಸದಾಗುತ್ತದೆ. ಇಳಿಸಿಕೊಂಡು ಅದೇ ದಾರಿ ಹಾಕಿದಾಗ ಅನ್‌ಡಿಫೈನ್ಡ್ ತುಂಡು ಮಾಯವಾಗಿ, ಮ್ಯಾಪು ಆ ಮಣ್ಣು ದಾರಿಯನ್ನು ತಾನಾಗಿ ಬಿಟ್ಟು ಡಾಂಬರಿಗೆ ಹೊರಳುವುದನ್ನು ನೋಡುವುದೇ ಒಂದು ಖುಷಿ.

ಬೇರೆ ಮ್ಯಾಪಿನಿಂದ ನೋಡಿ ಬರೆಯುವುದಕ್ಕೆ ಇಲ್ಲಿ ಅವಕಾಶವಿಲ್ಲ, ಕಣ್ಣಾರೆ ಕಂಡದ್ದನ್ನೇ ಬರೆಯಬೇಕು. ರಸ್ತೆ ಬದಿಯ ಫಲಕ ಓದುವುದೂ ಉಪಯೋಗಕ್ಕೆ ಬರುತ್ತದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಫಲಕದಲ್ಲಿ ಉದ್ದದ ಜೊತೆ ಕೆಲಸ ಮುಗಿದ ದಿನಾಂಕವೂ ಇರುತ್ತದೆ. ಕಟ್ಟಿದ ಗುತ್ತಿಗೆದಾರರೇ ಐದು ವರ್ಷ ನಿರ್ವಹಣೆ ನೋಡಿಕೊಳ್ಳಬೇಕೆಂಬುದು ಆ ಯೋಜನೆಯ ಷರತ್ತು. ಐದು ವರ್ಷ ದಾಟಿ ಎರಡು ಮಳೆಗಾಲ ಕಂಡ ರಸ್ತೆ ನಕ್ಷೆಯಲ್ಲಿ ಡಾಂಬರೆಂದಿದ್ದರೂ ವೇಗ ಇಳಿಸಿಯೇ ಹೋಗಿ.

ಮಳೆಗಾಲದ ಬಳಕೆಗೆ ಬರುತ್ತೇನೆ. ನಗರ, ಹುಲಿಕಲ್, ಆಗುಂಬೆ ಕಡೆ ನೆಟ್‌ವರ್ಕ್ ನಂಬಿದವರಿಗೆ ಮ್ಯಾಪಿಲ್ಲ. ಫೋನಿನೊಳಗೇ ನಕ್ಷೆ ಇರುವ ಓಸ್ಮ್ಯಾಂಡ್‌ಗೆ ಆ ಚಿಂತೆ ಇಲ್ಲ, ಅಡ್ಡದಾರಿ ಹಿಡಿದರೂ ಹೊಸ ದಾರಿ ತಾನೇ ಲೆಕ್ಕ ಹಾಕುತ್ತದೆ, ಹಳೆಯ ಫೋನಿನಲ್ಲಿ ಸ್ವಲ್ಪ ತಡವಾಗಿ. ಹ್ಯಾಂಡಲ್ಲಿಗೆ ಫೋನು ಕಟ್ಟಬೇಡಿ. ಮಳೆ ಹನಿಯನ್ನು ಪರದೆ ಬೆರಳೆಂದು ತಿಳಿದು ನಕ್ಷೆಯನ್ನು ಎಲ್ಲೋ ಒಯ್ಯುತ್ತದೆ, ಎಂಜಿನಿನ ನಡುಕ ಕ್ಯಾಮೆರಾ ಕೆಡಿಸುತ್ತದೆ. ಪರದೆ ಆರಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜರ್ಕಿನ್ನಿನ ಒಳಜೇಬಿಗೆ ಹಾಕಿ. ಹೆಲ್ಮೆಟ್ಟಿನೊಳಗೆ ಒಂದು ಕಿವಿಗೆ ಧ್ವನಿ ಸಾಕು. ತಲುಪುವ ಸಮಯದ ಅಂದಾಜನ್ನು ಮಾತ್ರ ಮರೆತುಬಿಡಿ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಬಸ್ಸೊಂದು ಎದುರಾದರೆ ಆ ಲೆಕ್ಕ ಅಲ್ಲಿಗೇ ಮುಗಿಯುತ್ತದೆ.

ಅನ್‌ಪೇವ್ಡ್ ಟಿಕ್ಕು ತಪ್ಪಿಸದ ಅಪಾಯ ಒಂದಿದೆ. ಕಾಂಕ್ರೀಟ್ ನಕ್ಷೆಯ ಲೆಕ್ಕದಲ್ಲಿ ಗಟ್ಟಿ ರಸ್ತೆ, ಹಾಗಾಗಿ ಮಣ್ಣು ಬೇಡ ಎಂದವರನ್ನು ಖುಷಿಯಿಂದ ಅದರ ಮೇಲೆ ಕಳಿಸುತ್ತದೆ. ಬಿಸಿಲು ಬೀಳದ ತೋಟದ ಪಕ್ಕದ ಏರಿನಲ್ಲಿ ಜುಲೈ ಹೊತ್ತಿಗೆ ಆ ಕಾಂಕ್ರೀಟಿನ ಮೇಲೆ ಹಸಿರು ಪಾಚಿ. ಅದರ ಮೇಲೆ ಬೈಕು ಜಾರುವಷ್ಟು ಜಲ್ಲಿಯ ಮೇಲೂ ಜಾರುವುದಿಲ್ಲ. ಜೂನಿನಿಂದ ಅಕ್ಟೋಬರ್ ತನಕ ಸರ್ಫೇಸ್ ಪಟ್ಟಿಯಲ್ಲಿ ಕಾಂಕ್ರೀಟಿನ ತುಂಡನ್ನೂ ಬಿಡಿಸಿ ನೋಡಿ. ಏರಿನಲ್ಲಿದ್ದು ಮರದ ಕೆಳಗಿದ್ದರೆ ಆ ರಸ್ತೆಯನ್ನೂ ಕೈಬಿಡುವ ಪಟ್ಟಿಗೆ ಸೇರಿಸಿ, ದೀಪಾವಳಿ ಕಳೆದ ಮೇಲೆ ತೆಗೆಯಿರಿ.

ಕೊನೆಗೆ ಕಾಲುಸಂಕ. ನಕ್ಷೆಯಲ್ಲಿ ಹಳ್ಳ ದಾಟುವ ಚಿಕ್ಕ ಗೆರೆ ಕಂಡು, ಅದು ‘ರೆಸಿಡೆನ್ಶಿಯಲ್’ ಎಂದಿದ್ದರೆ ಆ್ಯಪು ಬೈಕನ್ನು ಅದರ ಮೇಲೆ ಕಳಿಸುತ್ತದೆ. ನಿಜದಲ್ಲಿ ಅಲ್ಲಿರುವುದು ಅಡಿಕೆ ಮರದ ನಾಲ್ಕು ದಬ್ಬೆ, ಒಂದು ಕೈಹಿಡಿ. ಅಂಥದ್ದು ಕಂಡರೆ ಬೈದು ಹಿಂದೆ ತಿರುಗುವ ಮೊದಲು ಎರಡು ನಿಮಿಷ ನಿಲ್ಲಿ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಆ ತುಂಡನ್ನು ‘ಪಾತ್’, ಅಂದರೆ ಕಾಲುದಾರಿ, ಎಂದು ಬದಲಿಸಿ, ‘ಬ್ರಿಜ್’ ಹಾಕಿ ಕಳುಹಿಸಿ. ದಣಪೆಯಾದರೆ ‘ಬ್ಯಾರಿಯರ್’ ಟ್ಯಾಗಿನಲ್ಲಿ ‘ಗೇಟ್’, ಜೊತೆಗೆ ‘ಆ್ಯಕ್ಸೆಸ್’ ಟ್ಯಾಗಿನಲ್ಲಿ ‘ಪ್ರೈವೇಟ್’. ಆಮೇಲೆ ಆ ಮನೆಯ ನಾಯಿಗೂ ಸ್ವಲ್ಪ ನೆಮ್ಮದಿ.