ಗ್ರಹಗಳ ಕುರಿತ ಆನ್‌ಲೈನ್ ಅನ್ವೇಷಣಾ ಪಾಠ: ಒಂದು ವಿಮರ್ಶೆ

ಪ್ರಾಥಮಿಕ ತರಗತಿಯ ಮಕ್ಕಳಿಗಾಗಿ ರೂಪಿಸಿರುವ ಈ ಪಾಠವು ಎಂಟು ಗ್ರಹಗಳ ಹೆಸರನ್ನು ಬಾಯಿಪಾಠ ಮಾಡಿಸಲು ಹೋಗದೆ, ಸೂರ್ಯನಿಗೆ ಅತಿ ಸಮೀಪದ ಗ್ರಹವೇ ಅತಿ ಬಿಸಿಯಾದದ್ದೇ ಎಂಬ ಪ್ರಶ್ನೆಯಿಂದ ಆರಂಭವಾಗುತ್ತದೆ. ಮಕ್ಕಳು ಮೊದಲು ತಮ್ಮ ಊಹೆಯನ್ನು ಬರೆದು, ಬಳಿಕ ತಾಪಮಾನದ ಕೋಷ್ಟಕವನ್ನು ತೆರೆದಾಗ, ಬುಧನ ಹಗಲಿನ ಸುಮಾರು 430 ಡಿಗ್ರಿ ಸೆಲ್ಸಿಯಸ್‌ಗಿಂತ ಶುಕ್ರನ ಸುಮಾರು 465 ಡಿಗ್ರಿ ಹೆಚ್ಚೆಂಬುದು ಕಣ್ಣಿಗೆ ಬೀಳುತ್ತದೆ. ಕಾರಣವನ್ನು ತಕ್ಷಣ ಹೇಳಿಬಿಡದೆ ವಾತಾವರಣದ ಅನಿಲಗಳ ಪಟ್ಟಿಯನ್ನು ಮುಂದಿಟ್ಟು, ದಟ್ಟವಾದ ಕಾರ್ಬನ್ ಡೈಆಕ್ಸೈಡ್ ಶಾಖವನ್ನು ಹಿಡಿದಿಡುತ್ತದೆ ಎಂಬ ತೀರ್ಮಾನಕ್ಕೆ ಅವರೇ ಬರುವಂತೆ ಮಾಡಿರುವುದು ಪಾಠದ ಅತ್ಯುತ್ತಮ ಭಾಗ.

ಗಾತ್ರ ಮತ್ತು ದೂರದ ಘಟಕದಲ್ಲಿ ಈ ಎಚ್ಚರ ಕಾಣುವುದಿಲ್ಲ. ಎಲ್ಲ ಗ್ರಹಗಳನ್ನೂ ಒಂದೇ ಪರದೆಯಲ್ಲಿ ಸಮಾನ ಅಂತರದಲ್ಲಿ ಜೋಡಿಸಿರುವುದರಿಂದ, ಸೂರ್ಯನಿಂದ ಭೂಮಿಗಿರುವ ದೂರದ ಸುಮಾರು 30 ಪಟ್ಟು ದೂರದಲ್ಲಿ ನೆಪ್ಚೂನ್ ಇದೆ ಎಂಬುದನ್ನು ಮಗು ಊಹಿಸಲೂ ಆಗದು. ಚಿತ್ರ ಪ್ರಮಾಣಬದ್ಧವಲ್ಲ ಎಂಬ ಒಂದು ಸಾಲಿನ ಸೂಚನೆಯೂ ಇಲ್ಲ. ಪ್ಲೂಟೊವನ್ನು 2006ರಲ್ಲಿ ಕುಬ್ಜಗ್ರಹವೆಂದು ವರ್ಗೀಕರಿಸಿದ್ದು ಒಳ್ಳೆಯ ಚರ್ಚೆಗೆ ಎಡೆಮಾಡಬಹುದಿತ್ತು, ಇಲ್ಲಿ ಅದು ಬರಿಯ ಬಹುಆಯ್ಕೆಯ ಪ್ರಶ್ನೆ. ಧ್ವನಿ ನಿರೂಪಣೆ ಸ್ಪಷ್ಟವಾಗಿದೆ. ಆದರೆ ತಪ್ಪು ಉತ್ತರಕ್ಕೆ ಕೆಂಪು ಗುರುತಿನ ಹೊರತು ಬೇರೇನೂ ಬಾರದಿರುವುದರಿಂದ, ಶಿಕ್ಷಕರೋ ಪೋಷಕರೋ ಪಕ್ಕದಲ್ಲಿಲ್ಲದೆ ಮೂರನೇ ತರಗತಿಗಿಂತ ಕೆಳಗಿನವರಿಗೆ ಇದನ್ನು ನಾನು ಶಿಫಾರಸು ಮಾಡಲಾರೆ.