ಹೆಚ್ಚು ಕೇಳದ ಬ್ರಿಟಿಷ್ ಸಂಗೀತಕ್ಕೆ ಕ್ಲಾಸಿಕ್ ಎಫ್‌ಎಂ ಸಾಕಾ, ರೇಡಿಯೋ 3 ಬೇಕಾ?

ಬ್ರಿಟಿಷ್ ಶಾಸ್ತ್ರೀಯ ಸಂಗೀತದ ಹೆಸರಾಂತ ಸಂಯೋಜಕರಾದ ಎಲ್ಗರ್, ಹೋಲ್ಸ್ಟ್ ಕೇಳಿ ಆಯ್ತು, ಇನ್ನು ಯಾರಿದ್ದಾರೆ ಅಂತ ಹುಡುಕುತ್ತಿದ್ದೀರಾ? ಹಾಗಿದ್ರೆ ನನ್ನ ಓಟು ಬಿಬಿಸಿ ರೇಡಿಯೋ 3ರ ‘ಕಂಪೋಸರ್ ಆಫ್ ದ ವೀಕ್’ಗೆ. 1943ರಲ್ಲಿ ಶುರುವಾದ ಕಾರ್ಯಕ್ರಮ. ವಾರಕ್ಕೆ ಐದು ಕಂತು, ಸಾಮಾನ್ಯವಾಗಿ ಒಬ್ಬ ಸಂಯೋಜಕರದೇ ಬದುಕು, ಒಬ್ಬರದೇ ಸಂಗೀತ.

1992ರಲ್ಲಿ ಬಂದ ಖಾಸಗಿ ರೇಡಿಯೋ ಕೇಂದ್ರ ಕ್ಲಾಸಿಕ್ ಎಫ್‌ಎಂ ಬೇರೆ ತರಹ. ಜಾಹೀರಾತು ಇರುತ್ತದೆ, ಚಿಕ್ಕ ತುಣುಕುಗಳು ಜಾಸ್ತಿ. ಅಡುಗೆ ಮಾಡುತ್ತಾ ಸುಮ್ನೆ ಹಾಕಿಕೊಳ್ಳೋಕೆ ಹಿತವಾಗಿರುತ್ತದೆ. ಇಂಗ್ಲಿಷ್ ಸಂಯೋಜಕ ಜೆರಾಲ್ಡ್ ಫಿಂಝಿಯ ‘ಎಕ್ಲಾಗ್’ ಅಲ್ಲೂ ಕಿವಿಗೆ ಬೀಳಬಹುದು. ಆದರೆ ಅದು ಮುಗಿದ ಕೂಡಲೇ ಬೇರೆ ಏನೋ ಶುರು. ಅಳಿದುಹೋಗುತ್ತಿದ್ದ ಇಂಗ್ಲಿಷ್ ಸೇಬಿನ ತಳಿಗಳನ್ನು ಈ ಫಿಂಝಿ ತನ್ನ ತೋಟದಲ್ಲಿ ಬೆಳೆಸಿ ಉಳಿಸಿದರು ಅನ್ನೋದು ಗೊತ್ತಾಗಬೇಕಾದರೆ ಯಾರಾದರೂ ಕೂತು ಹೇಳಬೇಕು, ಅಲ್ವಾ?

ಸಂಯೋಜಕಿ ರೆಬೆಕಾ ಕ್ಲಾರ್ಕ್ ಅವರನ್ನೇ ತಗೊಳ್ಳಿ. ಪಿಟೀಲಿಗಿಂತ ತುಸು ದೊಡ್ಡ ವಾದ್ಯವಾದ ವಯೋಲಾಗೆ ಅವರು ಬರೆದ 1919ರ ಸೊನಾಟಾದ ಶುರುವಿನಲ್ಲಿ ಪಿಯಾನೊ ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸಿ ಹಿಡಿದು ನಿಲ್ಲುತ್ತದೆ, ಅದರ ಮೇಲೆ ವಯೋಲಾ ಗಟ್ಟಿ ದನಿಯಲ್ಲಿ ಕೂಗಿ ಕರೆಯುತ್ತದೆ. ಅಮೆರಿಕದ ಒಂದು ಸ್ಪರ್ಧೆಯಲ್ಲಿ ಆ ಸೊನಾಟಾ ಇನ್ನೊಬ್ಬ ಸಂಯೋಜಕ ಅರ್ನೆಸ್ಟ್ ಬ್ಲಾಕ್ ಅವರ ಕೃತಿಯ ಜೊತೆ ಸಮ ಮತ ಪಡೆದು, ಸ್ಪರ್ಧೆ ನಡೆಸಿದ ಎಲಿಜಬೆತ್ ಕೂಲಿಡ್ಜ್ ಅವರ ಒಂದು ಮತದಿಂದ ಎರಡನೇ ಸ್ಥಾನಕ್ಕೆ ಇಳಿಯಿತು. ಇಂಥ ಸಂಗೀತ ಹೆಂಗಸು ಬರೆದದ್ದು ಅಂತ ನಂಬದವರೂ ಇದ್ದರು. ಇದೆಲ್ಲ ತಿಳಿದ ಮೇಲೆ ಆ ಮೊದಲ ಕೂಗು ಬೇರೆಯೇ ಆಗಿ ಕೇಳಿಸುತ್ತದೆ.

ಮಾತು ಬೇಡ, ಸಂಗೀತ ಸಾಕು ಅನ್ನುವವರಿಗೆ ಕ್ಲಾಸಿಕ್ ಎಫ್‌ಎಂ ಸರಿ. ಇಷ್ಟವಾದ ಹೆಸರು ಬರೆದಿಟ್ಟುಕೊಳ್ಳಿ, ಆಮೇಲೆ ರೇಡಿಯೋ 3ರಲ್ಲಿ ಅವರ ವಾರ ಬಂದಾಗ ಐದೂ ದಿನ ಬಿಡದೆ ಕೇಳಿ.